ಇನ್ನೂರ ಹದಿನಾಲ್ಕು ಜ್ಞಾನಗಳ ಅಳಿಯ

ಸಾಗರದ ನಡುವಿನ ದ್ವೀಪವೊಂದರ ಸವುಸವು ಕೊಲ್ಲಿಯ ದಂಡೆಯಲ್ಲಿ ನೆಲ ಉಸಿರಾಡುತ್ತದೆ. ಕಲ್ಲುಗಳ ಸಂದಿಯಿಂದ ಏಳುವ ಬಿಸಿನೀರಿನ ಹಬೆ ಮಧ್ಯಾಹ್ನದ ಹೊತ್ತಿಗೆ ಗುಡ್ಡ ಹತ್ತಿ, ತೆಂಗಿನ ಗರಿಗಳ ನಡುವೆ ಸ್ವಲ್ಪ ಸುಧಾರಿಸಿಕೊಂಡು, ಆಮೇಲೆ ನಿಧಾನವಾಗಿ ವಿಶ್ವವಿದ್ಯಾಲಯದ ಕಿಟಕಿಗಳೊಳಗೆ ಇಳಿಯುತ್ತದೆ. ಅದು ಬಂದ ಮೇಲೆ ಅಲ್ಲಿ ಎಚ್ಚರವಾಗಿರುವುದು ಗೋಡೆಯ ಗಡಿಯಾರ ಒಂದೇ. ಅದೂ ಹದಿನೈದು ನಿಮಿಷ ಹಿಂದೆ.

ಆ ವಿಶ್ವವಿದ್ಯಾಲಯದಲ್ಲಿ ಇಸಿಕೇಲಿ ಎಂಬ ಮೇಷ್ಟರಿದ್ದ. ಮೊದಲ ವರ್ಷದ ಹುಡುಗರಿಗೆ ಅರ್ಜಿ ಬರೆಯುವುದನ್ನು ಕಲಿಸುವುದು ಅವನ ಕೆಲಸ. ರಜೆ ಅರ್ಜಿ, ಕೆಲಸದ ಅರ್ಜಿ, ಕ್ಷಮಾಪಣೆ ಪತ್ರ; ಇವಿಷ್ಟು ಮುಗಿದರೆ ಅವನ ವಿದ್ಯೆಯ ಊರು ಮುಗಿದು ಸಮುದ್ರ ಶುರುವಾಗುತ್ತಿತ್ತು. ಆದರೆ ದೇವರು ಅವನಿಗೆ ಬೇರೊಂದು ವರ ಕೊಟ್ಟಿದ್ದ. ಯಾರು ಏನು ಹೇಳಿದರೂ ಇಸಿಕೇಲಿ ಕೇಳುತ್ತಿದ್ದ. ಅಗಲವಾದ ಮುಖವನ್ನು ಅವರ ಕಡೆ ತಿರುಗಿಸಿ, ಕಣ್ಣು ಅರ್ಧ ಮುಚ್ಚಿ, ತಲೆಯನ್ನು ಮೆಲ್ಲಗೆ ಆಡಿಸುತ್ತಿದ್ದ. ನಿದ್ದೆ ಬಂದಾಗ ಇನ್ನೂ ಚೆನ್ನಾಗಿ ಆಡಿಸುತ್ತಿದ್ದ.

ಸಂಜೆ ನಾಲ್ಕಕ್ಕೆ ರಸಾಯನಶಾಸ್ತ್ರದ ಕೊಠಡಿಯ ಹಿಂದೆ ಜೀಗುಜ್ಜೆ ಮರದ ಕೆಳಗೆ ಚಾಪೆ ಬೀಳುತ್ತಿತ್ತು. ನಡುವೆ ಕಾವಾ ಎಂಬ ಬೇರಿನ ರಸ ತುಂಬಿದ ಮರದ ಬಟ್ಟಲು. ಕಾವಾ ಕುಡಿದರೆ ಮೊದಲು ನಾಲಿಗೆ ಜೋಮು ಹಿಡಿಯುತ್ತದೆ, ಆಮೇಲೆ ತುಟಿ, ಆಮೇಲೆ ನಾಳೆಯ ಚಿಂತೆ. ಚಿಂತೆ ಜೋಮು ಹಿಡಿದ ಮೇಲೆ ಮೇಷ್ಟರುಗಳು ಮಾತಾಡುತ್ತಿದ್ದರು. ರಸಾಯನಶಾಸ್ತ್ರದ ಶಿವದಯಾಳ್ ಉಪ್ಪಿನ ಗುಣ ಹೇಳುತ್ತಿದ್ದ. ಟೋಂಗಾದಿಂದ ಬಂದ ಮಾಫಿ ಎಂಬಾಕೆ, ಸಮುದ್ರ ಓದಿದವಳು, ಭರತ ಇಳಿತಗಳನ್ನು ತನ್ನ ಸ್ವಂತ ನೆಂಟರ ಜಗಳದಂತೆ ವರ್ಣಿಸುತ್ತಿದ್ದಳು. ಭಾಷೆ ಕಲಿಸುವ ಮುದುಕ ಎರೋನಿ, ಇಸಿಕೇಲಿಗೂ ಅವನಿಗೂ ಪರಸ್ಪರ ಭಾವಾ ಎಂದು ಕರೆಯುವ ವರಸೆ, ಊರುಗಳ ಹಳೇ ಹೆಸರುಗಳನ್ನು ಅಡಿಕೆ ಒಡೆದಂತೆ ಒಡೆದು ಒಳಗೇನಿದೆ ತೋರಿಸುತ್ತಿದ್ದ. ಇದಕ್ಕೆ ಅವರು ಹರಟೆ ಎಂದು ಹೆಸರಿಟ್ಟುಕೊಂಡಿದ್ದರು. ಮಕ್ಕಳ ಜ್ವರದಿಂದ ಹಿಡಿದು ಪ್ರಯೋಗದ ತೊಡಕಿನವರೆಗೆ ಎಷ್ಟೋ ಸಂಗತಿಗಳು ಆ ಚಾಪೆಯ ಮೇಲೆ ಬಗೆಹರಿದು ಹೋಗಿದ್ದವು.

ಆಗ ಬ್ರಿಸ್ಬೇನಿನಲ್ಲಿ ಹನ್ನೊಂದು ವರ್ಷ ಇದ್ದು ಬಂದ ಡಾಕ್ಟರ್ ಮೆರೆವಲೆಸಿ ಕುಲಪತಿಯಾದರು. ಇದೇ ದ್ವೀಪದ ಹೆಣ್ಣುಮಗಳು, ಆದರೆ ವೇಗವಾಗಿ ನಡೆಯುತ್ತಿದ್ದರು. ಆ ಊರಿನಲ್ಲಿ ವೇಗವಾಗಿ ನಡೆಯುವವರು ಎರಡೇ ಜಾತಿ: ಮನೆಗೆ ಬೆಂಕಿ ಬಿದ್ದವರು ಮತ್ತು ಸುಧಾರಣೆ ತರುವವರು.

ಬಂದ ವಾರದಲ್ಲೇ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿದರು.

"ನಿಮ್ಮ ಹತ್ರ ಜ್ಞಾನ ಇದೆ. ಆದ್ರೆ ಅದನ್ನ ನೀವು ಒಬ್ಬರಿಗೊಬ್ಬರು ಹಂಚ್ತಾ ಇಲ್ಲ," ಎಂದರು.

ಮಾಫಿ ಎದ್ದಳು. "ಹಂಚ್ತೀವಲ್ಲ ಮೇಡಂ! ದಿನಾ ಸಂಜೆ, ಮರದ ಕೆಳಗೆ."

"ಏನ್ ಹಂಚಿದ್ರಿ? ಯಾರಿಗೆ? ಎಷ್ಟು? ರಶೀದಿ ಎಲ್ಲಿ?"

ಮಾಫಿ ತನ್ನ ಚೀಲದೊಳಗೆ ನೋಡಿದಳು. ಅಲ್ಲಿ ಒಂದು ಬಾಚಣಿಗೆ, ಅರ್ಧ ತಿಂದ ಮರಗೆಣಸು ಇತ್ತು. ರಶೀದಿ ಇರಲಿಲ್ಲ. ಕೂತಳು.

ಹೀಗೆ ಹಳದಿ ಚೀಟಿ ಹುಟ್ಟಿತು. ಯಾರಾದರೂ ಇನ್ನೊಬ್ಬರಿಗೆ ಒಂದು ಜ್ಞಾನ ಕೊಟ್ಟರೆ ಚೀಟಿ ತುಂಬಬೇಕು. ಪಡೆದವರು ಸಹಿ ಹಾಕಬೇಕು. ಕೊಟ್ಟವರಿಗೆ ಹತ್ತು ಅಂಕ. ಪಡೆದವರಿಗೆ ಏನೂ ಇಲ್ಲ. ಜ್ಞಾನವೇ ಬಂತಲ್ಲ, ಮತ್ತೇನು ಬೇಕು? ಅತಿ ಹೆಚ್ಚು ಅಂಕ ಗಳಿಸಿದವರಿಗೆ ಹೊನೊಲುಲು ಸಮ್ಮೇಳನಕ್ಕೆ ವಿಮಾನ, ಜೊತೆಗೆ ಸಮುದ್ರ ಕಾಣುವ ಕೋಣೆ. ನಲವತ್ತು ಅಂಕವಾದರೂ ಇಲ್ಲದವರ ಕರಾರು ಆಗಸ್ಟಿನಲ್ಲಿ ಮುಗಿದರೆ ಮುಗಿದೇ ಹೋಯಿತು. ಇಸಿಕೇಲಿಯ ಕರಾರು ಆಗಸ್ಟಿನಲ್ಲೇ ಮುಗಿಯುವುದಿತ್ತು. ಸಭೆ ನಡೆಯುವಾಗ ಅವನು ತಲೆ ಆಡಿಸುತ್ತಿದ್ದ. ಅದು ಯಾವ ಬಗೆಯ ತಲೆಯಾಡಿಕೆ ಎಂದು ಬೇರೆ ಹೇಳಬೇಕಾಗಿಲ್ಲ.

ಅಂದು ಸಂಜೆ ಚಾಪೆ ಬಿತ್ತು, ಬಟ್ಟಲು ಬಂತು. ಶಿವದಯಾಳ್ ಒಂದು ಚಿಪ್ಪು ಕಾವಾ ಕುಡಿದು, ಅಲ್ಲಿನ ಪದ್ಧತಿಯಂತೆ ಮೂರು ಸಲ ಚಪ್ಪಾಳೆ ತಟ್ಟಿ, ಅಭ್ಯಾಸ ಬಲದಿಂದ ಶುರು ಮಾಡಿದ. "ಈ ಉಪ್ಪು ಅಂತ ಇದೆಯಲ್ಲ..." ಎಂದವನು ಥಟ್ಟನೆ ಬಾಯಿ ಮುಚ್ಚಿದ.

"ಹೇಳು, ಕೇಳ್ತೀನಿ," ಎಂದಳು ಮಾಫಿ.

"ಸಹಿ ಹಾಕ್ತೀಯಾ?"

"ಹಾಕ್ತೀನಿ. ಮೊದ್ಲು ನಂದೊಂದು ಕೇಳಿ ನೀನು ಹಾಕು."

"ನಿಂಗೆ ಹತ್ತು ಅಂಕ ನಾನ್ಯಾಕೆ ಕೊಡ್ಲಿ? ಹೊನೊಲುಲುಗೆ ನೀನು ಹೋಗಿ ಕೂರೋಕಾ?"

"ಹಾಗಾದ್ರೆ ನಿನ್ನ ಉಪ್ಪು ನೀನೇ ನೆಕ್ಕು."

ಬಟ್ಟಲು ಸುತ್ತಿತು. ಚಪ್ಪಾಳೆ ಕೇಳಿಸಿತು. ಮರದ ಮೇಲಿನ ಗೊರವಂಕ ಒಂದೇ ಸಮ ಮಾತಾಡಿತು. ಅದಕ್ಕೆ ನಿಯಮ ಯಾರೂ ತಿಳಿಸಿರಲಿಲ್ಲ. ಕೊಡಲು ಹನ್ನೆರಡು ಮಂದಿ ತುದಿಗಾಲಲ್ಲಿ ನಿಂತಿದ್ದರು, ತೆಗೆದುಕೊಳ್ಳಲು ಒಬ್ಬನೂ ಇಲ್ಲ. ಹನ್ನೆರಡೂ ಜೊತೆ ಕಣ್ಣುಗಳು ಕೊಲ್ಲಿಯನ್ನೂ ಹಬೆಯನ್ನೂ ನೋಡಿ, ದೂರದ ಬಿಳಿ ಹಾಯಿಗಳನ್ನು ನೋಡಿ, ಕೊನೆಗೆ ಚಾಪೆಯ ಮೂಲೆಗೆ ಬಂದು ನಿಂತವು. ಅಲ್ಲಿ ಇಸಿಕೇಲಿ ಮೆಲ್ಲಗೆ ತಲೆ ಆಡಿಸುತ್ತಿದ್ದ.

"ಭಾವಾ," ಎಂದ ಎರೋನಿ ಜೇನು ಸುರಿಸಿ, "ನಿಂಗೆ ಬೇರೇನ್ ಕೆಲ್ಸ ಇದೆ? ನಾಳೆ ಬೆಳಗ್ಗೆ ಬರ್ತೀನಿ, ಸ್ವಲ್ಪ ಕಿವಿ ಕೊಡು."

ಮರುದಿನದಿಂದ ಇಸಿಕೇಲಿಯ ಕೋಣೆಯ ಮುಂದೆ ಸಾಲು. ಹಲ್ಲು ಕೀಳುವವರ ಮನೆಯ ಮುಂದೆ ಕೂತಂತೆ ವಿದ್ವಾಂಸರು ಬೆಂಚಿನ ಮೇಲೆ ಕೂತಿರುತ್ತಿದ್ದರು. ಒಬ್ಬರು ಬಂದು ಅರ್ಧ ಗಂಟೆ ಹೇಳಿ, ಸಹಿ ಹಾಕಿಸಿಕೊಂಡು ಹೋದರೆ ಇನ್ನೊಬ್ಬರು. ಬೇಡ ಎನ್ನುವುದು ಇಸಿಕೇಲಿಯ ಬಾಯಿಗೆ ಬರುತ್ತಿರಲಿಲ್ಲ. ಅವನ ತಲೆಯೊಳಗೆ ಹಬೆ ತುಂಬಿತು. ಹಬೆಯಲ್ಲಿ ಪೊಟ್ಯಾಷಿಯಂ ಎಂಬುದು ದೋಣಿಯಂತೆ ತೇಲಿ ಬರುತ್ತಿತ್ತು. ಅದರ ಮೇಲೆ ಷಷ್ಠೀ ವಿಭಕ್ತಿ ಕಾಲು ಇಳಿಬಿಟ್ಟು ಕೂತಿರುತ್ತಿತ್ತು. ಚಂದ್ರ ಬಂದು ಇಬ್ಬರನ್ನೂ ಹಗ್ಗ ಹಾಕಿ ಎಳೆಯುತ್ತಿದ್ದ. ಹಿತವಾಗಿತ್ತು. ಎಚ್ಚರವಾದಾಗ ಮುಂದೆ ಹಳದಿ ಚೀಟಿ ಇರುತ್ತಿತ್ತು, ಕೈಯಲ್ಲಿ ಲೇಖನಿ ಇರುತ್ತಿತ್ತು. ಹಾಕುತ್ತಿದ್ದ.

ತಾನೂ ಒಂದಿಷ್ಟು ಕೊಡಬೇಕೆಂದು ಅವನು ಪ್ರಯತ್ನಿಸದೇ ಇರಲಿಲ್ಲ. ಒಮ್ಮೆ ಶಿವದಯಾಳನನ್ನು ಹಿಡಿದು, "ರಜೆ ಅರ್ಜಿ ಬರೆಯೋದು ಹೇಗೆ ಅಂತ ಹೇಳ್ಲಾ?" ಎಂದ.

"ನಾನು ಅರ್ಜಿ ಬರೆದೇ ಇಲ್ಲ ಮಾರಾಯ," ಎಂದ ಶಿವದಯಾಳ್. "ಹೇಳ್ದೆ ಹೋಗಿಬಿಡ್ತೀನಿ."

ಹೀಗೆ ಮೂರು ತಿಂಗಳು ಕಳೆಯಿತು. ಅವನ ಅಂಕ ಸೊನ್ನೆ.

ಇಷ್ಟರಲ್ಲಿ ಹೆಂಡತಿಯ ತವರಾದ ವುನಿವೌ ಊರಿನಿಂದ ಸುದ್ದಿ ಬಂತು. ಅತ್ತೆ ಸೆನಿಮಿಲಿಯ ಕೆಸುವಿನ ಗದ್ದೆ ಹಳದಿಯಾಗುತ್ತಿದೆ. ಎಲೆ ಅಂಚಿನಿಂದ ಸುಟ್ಟಂತೆ ಮುರುಟುತ್ತಿದೆ, ಗೆಡ್ಡೆ ಕೊಳೆಯುತ್ತಿದೆ. ಅವಳೊಬ್ಬಳದಲ್ಲ, ಇಡೀ ಊರಿನದೂ ಅದೇ ಗತಿ. ಆ ಊರಿನಲ್ಲಿ ಕೆಸು ಹೋದರೆ ಊಟ ಹೋಯಿತು; ಮದುವೆ, ಸಾವು, ಹಬ್ಬಗಳಲ್ಲಿ ಎಲೆಗೆ ಏನು ಹಾಕುವುದು?

"ನೀನು ಅಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿದ್ದೀಯ," ಎಂದಳು ಹೆಂಡತಿ ಲವೇನಿಯಾ. "ಯಾರನ್ನಾದ್ರೂ ಕೇಳ್ಬಾರ್ದಾ?"

ಇಸಿಕೇಲಿ ನೇರ ಶಿವದಯಾಳನ ಹತ್ತಿರ ಹೋದ. "ಅಣ್ಣಾ, ಕೆಸು ಹಳದಿ ಆಗ್ತಿದೆ. ಯಾಕೆ?"

ಶಿವದಯಾಳನ ಮುಖ ಅರಳಿತು, ಹಾಗೆಯೇ ಮುದುಡಿತು. ಕಡತ ತೆಗೆದು ಒಂದು ಚೀಟಿ ಹುಡುಕಿದ. "ಅರವತ್ತೊಂದನೇ ಚೀಟಿ. 'ಉಪ್ಪಿನಿಂದ ಗೆಡ್ಡೆ ಬೆಳೆಗೆ ಆಗುವ ಹಾನಿ'. ಏಪ್ರಿಲ್ ಒಂಬತ್ತು. ಇದು ನಿನ್ನ ಸಹಿ ತಾನೇ?"

"ನಂದೇ. ಆದ್ರೆ ಅದರಲ್ಲಿ ಏನಿತ್ತು?"

"ಏನಿತ್ತು ಅಂದ್ರೆ? ಕೊಟ್ಟಿದೀನಲ್ಲ! ನಲವತ್ತು ನಿಮಿಷ ಗಂಟಲು ಹರ್ಕೊಂಡಿದೀನಿ!"

"ಇನ್ನೊಂದ್ಸಲ ಹೇಳು."

"ಏಳನೇ ನಿಯಮ ಓದು ಮಾರಾಯ. ಒಂದೇ ಜ್ಞಾನ ಒಬ್ಬನಿಗೇ ಎರಡು ಸಲ ಕೊಟ್ರೆ ಮೋಸ ಅಂತ ಇಪ್ಪತ್ತು ಅಂಕ ಕಟ್. ಹೊನೊಲುಲುಗೆ ನನಗೂ ಮಾಫಿಗೂ ಹತ್ತೇ ಅಂಕದ ದೂರ. ಹೊಟ್ಟೆ ಮೇಲೆ ಹೊಡೀಬೇಡ."

ಮಾಫಿ ಎಂಬತ್ತೆಂಟನೇ ಚೀಟಿ ತೋರಿಸಿದಳು. ಎರೋನಿ ನೂರ ಮೂರನೆಯದು ತೋರಿಸಿ, "ನೀನು ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳಿದ್ದೆ ಭಾವಾ," ಎಂದ. ಆಕಳಿಕೆಯಿಂದ ಬಂದ ನೀರು ಅದು ಎಂದು ಹೇಳಲು ಇಸಿಕೇಲಿಗೆ ನಾಚಿಕೆಯಾಯಿತು.

ಕಚೇರಿಯಲ್ಲಿ ಗುಮಾಸ್ತ ಕೊಲಿನಿಯೋ ದಪ್ಪ ದಫ್ತರ ತೆರೆದ. ಇವನು ಯಾವತ್ತೂ ನಗದ ಮನುಷ್ಯ. "ಇಲ್ಲಿದೆ ನೋಡಿ. ಇಲ್ಲಿವರೆಗೆ ಇನ್ನೂರ ಹದಿನಾಲ್ಕು ಜ್ಞಾನ ನಿಮಗೆ ತಲುಪಿದೆ. ವಾಪಸ್ ಕೊಡೋ ಪದ್ಧತಿ ಇಲ್ಲ."

"ತಲುಪಿದೆ, ಆದ್ರೆ ಸಿಕ್ತಾ ಇಲ್ಲ," ಎಂದ ಇಸಿಕೇಲಿ.

"ಅದು ನಮ್ಮ ಇಲಾಖೆಗೆ ಬರೋದಿಲ್ಲ."

ಈ ಕೊಲಿನಿಯೋ ಅಂದೇ ಜೂನ್ ಕೊನೆಯ ವರದಿ ತಯಾರಿಸಿದ. ಅಂಕಣದ ತಲೆಯಲ್ಲಿ 'ಜ್ಞಾನವನ್ನು ಪಡೆದುಕೊಂಡು ಸಹಿ ಮಾಡಿದವರು' ಎಂದು ಬರೆಯಲು ಜಾಗ ಸಾಲಲಿಲ್ಲ. ಮಿತವ್ಯಯದ ಮನುಷ್ಯ, 'ಜ್ಞಾನಿಗಳು' ಎಂದು ಬರೆದ. ಅದರ ಕೆಳಗೆ ಒಂದೇ ಹೆಸರು: ಇಸಿಕೇಲಿ, ಇನ್ನೂರ ಹದಿನಾಲ್ಕು.

ಕುಲಪತಿಗಳು ಆ ಪುಟ ನೋಡಿ ಕುರ್ಚಿಯಿಂದ ಎದ್ದು ನಿಂತರಂತೆ. ಅರ್ಜಿ ಕಲಿಸುವ ಈ ಮನುಷ್ಯ! ರಾಜಧಾನಿ ಸುವಾದಿಂದ ಮಾನ್ಯತೆ ಪರಿಶೀಲಕರು ಬರುವ ದಿನ ಹತ್ತಿರವಿತ್ತು. ಅವರಿಗೆ ಹೋದ ಕಾಗದದಲ್ಲಿ ಈ ಹೆಸರು ಮೊದಲು ಹೋಯಿತು. ಕಾಗದಕ್ಕಿಂತ ಮುಂಚೆ ಸುದ್ದಿ ಬಸ್ಸು ಹತ್ತಿತು. ಮಾರುಕಟ್ಟೆಯಲ್ಲಿ ಮೀನು ಮಾರುವವಳು, "ಇನ್ನೂರ ಹದಿನಾಲ್ಕು ತರಹದ ಜ್ಞಾನ ಅಂತೆ, ಒಂದೇ ಹೊಟ್ಟೇಲಿ!" ಎಂದು ಇಸಿಕೇಲಿಗೆ ಒಂದು ಮೀನು ಹೆಚ್ಚಿಗೆ ಹಾಕಿದಳು. ಬಸ್ಸಿನ ಚಾಲಕ ಗಾಡಿ ನಿಲ್ಲಿಸಿ ನೋಯುವ ತನ್ನ ಮೊಣಕಾಲು ಮುಂದೆ ಚಾಚಿದ. ದೂರದ ಚಿಕ್ಕಪ್ಪನೊಬ್ಬ ಎರಡು ದೋಣಿ ಬದಲಾಯಿಸಿ ಬಂದು, ಚಾಪೆಯ ಮೇಲೆ ಕೂತು, ಕಳೆದ ಚಂಡಮಾರುತದಲ್ಲಿ ಹಾರಿಹೋದ ತನ್ನ ತಗಡು ಈಗ ಯಾವ ದ್ವೀಪದಲ್ಲಿದೆ ಎಂದು ಕೇಳಿದ.

"ಗೊತ್ತಿಲ್ಲ ಚಿಕ್ಕಪ್ಪ."

"ನೋಡಿದ್ಯಾ, ಎಂಥಾ ವಿನಯ!" ಎಂದು ಚಿಕ್ಕಪ್ಪ ಪಕ್ಕದವರಿಗೆ ಹೇಳಿದ. "ತುಂಬಿದ ಕೊಡ."

ಕೊನೆಗೆ ವುನಿವೌದಿಂದಲೇ ಕರೆ ಬಂತು. ಇನ್ನೂರ ಹದಿನಾಲ್ಕು ಜ್ಞಾನಗಳ ಅಳಿಯ ಬಂದು ಅತ್ತೆಯ ಕೆಸು ನೋಡಲಿ. ಲವೇನಿಯಾ ಈ ಮಾತು ಹೇಳುವಾಗ ಗಂಡನ ಮುಖ ನೋಡಿ ಗಾಬರಿಯಾದಳು.

"ನಿಜ ಹೇಳು. ಎಷ್ಟು ನೆನಪಿದೆ?"

"ಚೂರುಪಾರು. ಎಲ್ಲಾ ಒಂದಕ್ಕೊಂದು ಅಂಟ್ಕೊಂಡಿದೆ."

"ನಮ್ಮಮ್ಮ ಇಡೀ ಊರಿಗೆ ಹೇಳಿದಾಳೆ. ಮಣ್ಣೊಲೆಗೆ ಹಂದಿ ಬೇರೆ ಇಡ್ತಾರಂತೆ. ಅವಳ ಮಾನ ಕಳೆದ್ರೆ ನಾನು ನಿನ್ನ ಮುಖ ನೋಡಲ್ಲ."

ಸಂಗತಿ ಇಲ್ಲಿಗೇ ನಿಂತಿದ್ದರೆ ಒಂದು ಮನೆಯ ಮರ್ಯಾದೆ ಹೋಗಿ ಮುಗಿಯುತ್ತಿತ್ತು. ಆದರೆ ಕುಲಪತಿಗಳಿಗೆ ವಿಷಯ ತಿಳಿಯಿತು. ಪರಿಶೀಲಕರಿಗೆ ಇದಕ್ಕಿಂತ ಒಳ್ಳೆಯ ಪ್ರದರ್ಶನ ಯಾವುದು? ಶನಿವಾರ ಬೆಳಿಗ್ಗೆ ಇಡೀ ವಿಶ್ವವಿದ್ಯಾಲಯ ಒಂದು ಬಸ್ಸಿನಲ್ಲಿ ತುಂಬಿಕೊಂಡು ಹೊರಟಿತು. ಮುಂದಿನ ಸೀಟಿನಲ್ಲಿ ಪರಿಶೀಲಕರು, ಕಿರಿಬಾಟಿ ದ್ವೀಪದ ಮೂಲದ ತೆಳ್ಳನೆ ಮುದುಕ, ಟೆರುಬೆಆ ಎಂದು ಹೆಸರು. ಹಿಂದೆ ಚೀಟಿಪುಸ್ತಕ ಹಿಡಿದ ಕೊಲಿನಿಯೋ. ರಸ್ತೆಯುದ್ದಕ್ಕೂ ತೆಂಗಿನ ತೋಪು ಬಂತು, ಹೋಯಿತು, ಮತ್ತೆ ಬಂತು. ಸಮುದ್ರ ಎಡಕ್ಕಿತ್ತು, ನಿದ್ದೆಗಣ್ಣಿನಲ್ಲಿ ಮಗ್ಗಲು ಬದಲಿಸಿ ಬಲಕ್ಕೆ ಬಂತು. ಇಸಿಕೇಲಿ ಕಿಟಕಿಗೆ ತಲೆ ಕೊಟ್ಟು, ಈ ಬಸ್ಸು ಎಂದೂ ಮುಟ್ಟದೇ ಇರಲಿ ಎಂದು ಪ್ರಾರ್ಥಿಸಿದ. ಬಸ್ಸು ಮುಟ್ಟಿತು.

ಊರಿನವರು ಗದ್ದೆಯ ಪಕ್ಕದಲ್ಲೇ ಚಪ್ಪರ ಹಾಕಿದ್ದರು. ಕಾವಾ ಬೇರಿನ ಕಟ್ಟು ಒಪ್ಪಿಸಿದ್ದಾಯಿತು, ಬಟ್ಟಲು ಬಂತು. ಮೊದಲ ಚಿಪ್ಪು ಕುಲಪತಿಗೆ, ಎರಡನೆಯದು ಪರಿಶೀಲಕರಿಗೆ, ಮೂರನೆಯದು ಜ್ಞಾನಿಗೆ. ನಾಲ್ಕನೆಯದನ್ನೂ ಐದನೆಯದನ್ನೂ ಜ್ಞಾನಿ ಧೈರ್ಯಕ್ಕಾಗಿ ತಾನೇ ಕೇಳಿ ಕುಡಿದ. ಆ ಕಡೆಯ ಮರ್ಯಾದೆಯಲ್ಲಿ ಅತ್ತೆ ಅಳಿಯ ನೇರವಾಗಿ ಮಾತಾಡುವಂತಿಲ್ಲ. ಹಾಗಾಗಿ ಸೆನಿಮಿಲಿ ಮುದುಕಿ ಚಪ್ಪರದ ಕಂಬದ ಕಡೆ ತಿರುಗಿ ಹೇಳಿದಳು. "ಕಂಬವೇ, ಊರಿನ ಅನ್ನ ಒಣಗ್ತಾ ಇದೆ. ಗೊತ್ತಿರೋರು ಯಾರಾದ್ರೂ ಇದ್ರೆ ಹೇಳ್ಲಿ."

ಇಸಿಕೇಲಿ ಎದ್ದು ನಿಂತ. ಮುಂದೆ ಹಳದಿ ಗದ್ದೆ ಹರಡಿತ್ತು. ಎಲೆಗಳು ದಣಿದ ಆನೆಗಳ ಕಿವಿಯಂತೆ ಜೋತಿದ್ದವು. ಅದರಾಚೆ ಹೊಸ ರಸ್ತೆಯ ಮಣ್ಣಿನ ಏರಿ, ಏರಿಯಾಚೆ ಸಮುದ್ರ. ನಾಲಿಗೆ ಜೋಮು ಹಿಡಿದಿತ್ತು. ಬಾಯಿ ತೆರೆದ, ಒಳಗಿದ್ದದ್ದು ಬಂದ ಹಾಗೆ ಬಂತು.

"ಸಮುದ್ರ... ಸಮುದ್ರ ಅನ್ನೋದು ಏಕವಚನ. ಹುಣ್ಣಿಮೆ ದಿನ ಅದು ಬಹುವಚನ ಆಗುತ್ತೆ. ಆಗ ಚಂದ್ರ ಬಂದು ಕೆಸುವಿನ ಬೇರನ್ನ ಹಿಡಿದು ಎಳೀತಾನೆ. ಬೇರೊಳಗಿನ ಉಪ್ಪಿಗೆ ಬಾಯಾರಿಕೆ ಆಗುತ್ತೆ. ನೀರು ಸಿಗದೆ ಉಪ್ಪು ದುಃಖಪಟ್ಟು ಹಳದಿ ಆಗುತ್ತೆ..."

ಊರಿನವರು ಉಸಿರು ಬಿಗಿಹಿಡಿದು ಕೇಳಿದರು. ಊರಿನ ಯಜಮಾನ ಕಣ್ಣೊರೆಸಿಕೊಂಡ. ಇಂಥ ಚೆಂದದ ಮಾತನ್ನು ಅವರು ಪಾದ್ರಿಯ ಬಾಯಲ್ಲೂ ಕೇಳಿರಲಿಲ್ಲ. ಆದರೆ ಮೇಷ್ಟರುಗಳ ಸಾಲಿನಲ್ಲಿ ಏನೋ ಕುದಿಯುತ್ತಿತ್ತು. ಶಿವದಯಾಳ್ ಮೊದಲು ಕತ್ತು ತುರಿಸಿಕೊಂಡ, ಆಮೇಲೆ ಚಾಪೆಯನ್ನು ಗಿಲ್ಲಿದ, ಆಮೇಲೆ ಎದ್ದೇ ಬಿಟ್ಟ.

"ತಪ್ಪು! ಉಪ್ಪಿಗೆ ಎಂಥಾ ಬಾಯಾರಿಕೆ, ಎಂಥಾ ದುಃಖ! ಬಾಯಾರೋದು ಬೇರಿಗೆ! ಮಣ್ಣಲ್ಲಿ ಉಪ್ಪು ಜಾಸ್ತಿ ಆದ್ರೆ ಬೇರಿಗೆ ನೀರು ಎಳೆಯೋಕೆ ಆಗಲ್ಲ. ಸುತ್ತ ನೀರಿದ್ರೂ ಗಿಡ ಬಾಯಾರಿ ಸಾಯುತ್ತೆ!"

ಮಾಫಿ ಅವನ ಅಂಗಿ ಎಳೆದಳು. "ಶಿವ್! ಚೀಟಿ ಇಲ್ದೆ ಹೇಳ್ಬಿಟ್ಯಲ್ಲೋ!"

"ಹೇಳ್ದೆ ಇದ್ರೆ ನನ್ನ ಹೊಟ್ಟೆ ಒಡೆಯುತ್ತೆ ಮಾರಾಯ್ತಿ! ಆ ಮನುಷ್ಯ ಉಪ್ಪನ್ನ ಅಳಿಸ್ತಾ ಇದಾನೆ!"

"ಸರಿ, ಬೇರು," ಎಂದ ಇಸಿಕೇಲಿ ಸಮಾಧಾನವಾಗಿ. ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. "ಮಾಫಿ ಹೇಳಿದ ಪ್ರಕಾರ, ಭರತ ಬಂದಾಗ ಸಮುದ್ರ ಏರಿ ದಾಟಿ ಗದ್ದೆಗೆ ಬರುತ್ತೆ. ಬಂದ ಮೇಲೆ ಇಲ್ಲಿನ ತಂಪು ಇಷ್ಟವಾಗಿ ಇಲ್ಲೇ ಮಲಗುತ್ತೆ."

"ನಾನೆಲ್ಲಿ ಹಾಗೆ ಹೇಳ್ದೆ!" ಈಗ ಮಾಫಿ ಎದ್ದಿದ್ದಳು, ಆಕೆ ಎದ್ದರೆ ಚಪ್ಪರವೇ ಎದ್ದಂತೆ. "ಬಂದ ನೀರು ಆರು ಗಂಟೇಲಿ ವಾಪಸ್ ಹೋಗ್ಲೇಬೇಕು! ದೊಡ್ಡ ಭರತ ಅಜ್ಜಿಯ ಕಾಲದಲ್ಲೂ ಬರ್ತಿತ್ತು, ಬಂದು ಹೋಗ್ತಿತ್ತು. ಇಲ್ಲಿ ನಿಂತಿದೆ ಅಂದ್ರೆ ಹೋಗೋ ದಾರಿ ಯಾರೋ ಮುಚ್ಚಿದಾರೆ!"

"ದಾರಿ..." ಇಸಿಕೇಲಿ ಕಣ್ಣು ಮುಚ್ಚಿ ಹುಡುಕಿದ. "ಈ ಗದ್ದೆಯ ಹೆಸರು ಗುಸುನಿವಾಯ್. ಹಾಗಂದ್ರೆ ನೀರಿನ ಮೂಗು."

ಹಿಂದಿನಿಂದ ಎರೋನಿಯ ಊರುಗೋಲು ನೆಲಕ್ಕೆ ಬಡಿಯಿತು. "ಬಾಯಿ ಭಾವಾ, ಬಾಯಿ! ನೂರ ಮೂರನೇ ಚೀಟಿ ಪೂರ್ತಿ ಅದೇ ಇತ್ತಲ್ಲೋ! ನೀರಿನ ಬಾಯಿ! ಹಳಬರು ಸುಮ್ ಸುಮ್ನೆ ಹೆಸರಿಡ್ತಿರಲಿಲ್ಲ. ಇಲ್ಲಿ ನೀರು ಹೊರಗೆ ಹೋಗೋ ಕಂಡಿ ಇತ್ತು!"

ಎಲ್ಲರೂ ಒಟ್ಟಿಗೆ ತಿರುಗಿ ರಸ್ತೆಯ ಏರಿಯನ್ನು ನೋಡಿದರು. ಮೂರು ವರ್ಷದ ಹಿಂದೆ ಮಣ್ಣು ಸುರಿದು ಎತ್ತರಿಸಿದ ಏರಿ; ಒಂದು ಕಡೆಯಿಂದ ಇನ್ನೊಂದು ಕಡೆಗೆ ಗೀಟೆಳೆದಂತೆ ಮಲಗಿತ್ತು.

"ಕಂಡಿ ಎಲ್ಲಿತ್ತು?" ಎಂದು ಕುಲಪತಿ ಕೇಳಿದರು. ಶಿವದಯಾಳ್ ಮಾಫಿಯನ್ನು ನೋಡಿದ, ಮಾಫಿ ಎರೋನಿಯನ್ನು, ಎರೋನಿ ಆಕಾಶವನ್ನು. ಒಟ್ಟು ಹನ್ನೆರಡು ಮಂದಿ ವಿದ್ವಾಂಸರಿದ್ದರು. ಯಾರಿಗೂ ಗೊತ್ತಿಲ್ಲ.

"ಕಂಬವೇ," ಎಂದಳು ಸೆನಿಮಿಲಿ, "ನೋನಿ ಮರದಿಂದ ಆರು ಹೆಜ್ಜೆ ಈಚೆಗೆ. ಮಣ್ಣು ಹಾಕೋವಾಗ ಅಲ್ಲಿ ಹಾಕ್ಬೇಡಿ ಅಂತ ಅವತ್ತೇ ಬಡ್ಕೊಂಡಿದ್ದೆ. ಲಾರಿಯವನು ರೇಡಿಯೋ ದೊಡ್ಡದು ಮಾಡ್ದ."

"ಅಮ್ಮಾ, ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ!" ಎಂದಳು ಲವೇನಿಯಾ.

"ಉಪ್ಪಿನ ವಿಷ್ಯ ನಂಗೇನ್ ಗೊತ್ತು? ಕಂಡಿ ಬೇರೆ, ಕೆಸು ಬೇರೆ ಅಂದ್ಕೊಂಡಿದ್ದೆ. ನನ್ನ ಯಾರು ಕೇಳಿದ್ರು?"

ಗುದ್ದಲಿಗಳು ಬಂದವು. ಮಾಫಿ ಸಮುದ್ರ ನೋಡಿ, "ಇನ್ನು ಮುಕ್ಕಾಲು ಗಂಟೇಲಿ ಇಳಿತ ಜೋರಾಗುತ್ತೆ, ಅಷ್ಟರೊಳಗೆ ಅಗೀರಿ!" ಎಂದು ಕೂಗಿದಳು. ಯಾರನ್ನು ಕೂಗಿದಳೆಂದು ಕೇಳಲು ಯಾರಿಗೂ ಪುರಸತ್ತಿರಲಿಲ್ಲ. ಊರಿನ ಗಂಡಸರು ಅಗೆದರು. ಶಿವದಯಾಳ್ ಪ್ಯಾಂಟು ಮಡಚಿ ಅಗೆದ, ಅಗೆಯುತ್ತಾ ಪಕ್ಕದವನಿಗೆ ಸುಣ್ಣದ ಗುಣ ಹೇಳಿದ. ಎರೋನಿ ದಡದಲ್ಲಿ ಕೂತು ಮುದುಕಿಯರಿಂದ ಇನ್ನೂ ನಾಲ್ಕು ಗದ್ದೆಗಳ ಹಳೇ ಹೆಸರು ಕೇಳಿ ಅಂಗೈ ಮೇಲೆ ಬರೆದುಕೊಂಡ. ಕೊಲಿನಿಯೋ ಚೀಟಿಪುಸ್ತಕ ಹಿಡಿದು ಓಡಾಡಿದ. "ಕೊಟ್ಟವರು ಯಾರು? ಪಡೆದವರು ಯಾರು? ದಯವಿಟ್ಟು ಒಬ್ಬೊಬ್ಬರಾಗಿ!" ಯಾರೋ ಅವನ ಕೈಗೂ ಒಂದು ಗುದ್ದಲಿ ಕೊಟ್ಟರು.

ಏರಿಯ ಹೊಟ್ಟೆ ಒಮ್ಮೆ ನಡುಗಿತು. ಸಣ್ಣ ತೂತು ಬಿತ್ತು. ತೂತಿನಿಂದ ಕಂದು ನೀರು ಮೊದಲು ನಾಚಿದಂತೆ ಬಂತು, ಆಮೇಲೆ ದಾರಿ ನೆನಪಾದಂತೆ ಬಂತು, ಆಮೇಲೆ ಓಡಿತು. ಅದರ ಮೇಲೆ ಏಡಿಗಳು ಹೋದವು, ತೆಂಗಿನ ಚಿಪ್ಪುಗಳು ಹೋದವು, ಯಾವ ಕಾಲದ್ದೋ ಒಂದು ಚಪ್ಪಲಿ ಹೋಯಿತು. ಮೂರು ವರ್ಷ ಮಲಗಿದ್ದ ನೀರು ಮಧ್ಯಾಹ್ನದ ಬಿಸಿಲಿನಲ್ಲಿ ಹೊಳೆಯುತ್ತಾ, ಗೊಣಗುತ್ತಾ ಮನೆಗೆ ಹೊರಟಿತ್ತು. ಊರಿನವರು ಸಾಲಾಗಿ ನಿಂತು ಅದನ್ನು ನೋಡಿದರು. ಹಾಡು ಯಾರು ಶುರು ಮಾಡಿದರೋ, ದಡದುದ್ದಕ್ಕೂ ಹಬ್ಬಿತು.

ಪರಿಶೀಲಕರು ಕೆಸರಿನಲ್ಲಿ ಕಾಲಿಟ್ಟುಕೊಂಡು ಇಸಿಕೇಲಿಯ ಹತ್ತಿರ ಬಂದರು. ಬಸ್ಸು ಹತ್ತಿದಾಗಿನಿಂದ ಅವರು ಆಡಿದ ಮೊದಲ ಮಾತು ಇದು. "ನಿಮ್ಮ ಆ ಇನ್ನೂರ ಹದಿನಾಲ್ಕು ಜ್ಞಾನದಲ್ಲಿ ನಿಮ್ಮ ಸ್ವಂತದ್ದು ಯಾವುದು?"

ಇಸಿಕೇಲಿ ಯೋಚಿಸಿದ. ಸುಳ್ಳು ಹೇಳಲು ನಾಲಿಗೆಯ ಜೋಮು ಇನ್ನೂ ಬಿಟ್ಟಿರಲಿಲ್ಲ. "ತಪ್ಪುಗಳು ನಂದು ಸಾರ್. ಬಾಕಿದ್ದೆಲ್ಲ ಅವರದು."

ಮುದುಕ ಕಾಲಿನ ಕೆಸರು ತೊಳೆದುಕೊಂಡು ಹಂದಿಯ ಊಟಕ್ಕೆ ಹೋದರು.

ಸೋಮವಾರ ಕುಲಪತಿಗಳು ಇಸಿಕೇಲಿಯನ್ನು ಕರೆಸಿದರು. ಅವನು ಒಂದು ರಾಜೀನಾಮೆ ಪತ್ರ ಬರೆದುಕೊಂಡೇ ಹೋಗಿದ್ದ. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು.

"ಚೆನ್ನಾಗಿ ಬರೆದಿದ್ದೀರಿ," ಎಂದರು. "ಓದ್ತಾ ಓದ್ತಾ ನನಗೇ ರಾಜೀನಾಮೆ ಕೊಡಬೇಕು ಅನ್ನಿಸ್ತು."

"ದೊಡ್ಡ ಮಾತು ಮೇಡಂ."

"ಇನ್ನೂರ ಹದಿನಾಲ್ಕು ಸಹಿ. ನಿದ್ದೆ ಮಾಡ್ತಾ ಹಾಕಿದ್ದು ಎಷ್ಟು?"

"ಲೆಕ್ಕ ಇಟ್ಟಿಲ್ಲ. ಬೆಳಗ್ಗೆ ಹತ್ತರೊಳಗೆ ಬಂದವರದ್ದು ಸ್ವಲ್ಪ ಕೇಳಿದೀನಿ."

ಅವರು ಪತ್ರವನ್ನು ಮಡಚಿ ಮೇಜಿನ ಖಾನೆಯಲ್ಲಿಟ್ಟು, ಬೇರೊಂದು ಕಾಗದ ಮುಂದೆ ಸರಿಸಿದರು. ಮೂರು ವರ್ಷದ ಹೊಸ ಕರಾರು. ಸುವಾದಿಂದ ಬಂದಿದ್ದ ಮುದುಕ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಕೊಟ್ಟು, ವರದಿಯ ಕೊನೆಗೆ ಒಂದೇ ಸಾಲು ಬರೆದಿದ್ದರು: ತಪ್ಪು ಹೇಳುವ ಧೈರ್ಯ ಇರುವ ಆ ಮೇಷ್ಟರನ್ನು ಬಿಡಬೇಡಿ.

ಹಳದಿ ಚೀಟಿ ಅಂದೇ ಸತ್ತಿತು ಎಂದು ಯಾರೂ ತಿಳಿಯಬಾರದು. ಕಚೇರಿಯ ಕಾಗದಕ್ಕೆ ಹುಟ್ಟುಂಟು, ಸಾವಿಲ್ಲ. ನಿಯಮ ಈಗಲೂ ಇದೆ. ಆದರೆ ಚೀಟಿಪುಸ್ತಕಗಳು ಮಾರುಕಟ್ಟೆಯ ಕಡಲೆಕಾಯಿ ಮಾರುವವಳ ಅಂಗಡಿಗೆ ಹೇಗೆ ಹೋದವು ಎಂದು ಕೇಳಿದರೆ ಕೊಲಿನಿಯೋ ಮೊದಲ ಬಾರಿಗೆ ನಗುತ್ತಾನೆ. ಹೊನೊಲುಲುಗೆ ಕೊನೆಗೆ ಮಾಫಿ ಹೋದಳು. ಅಲ್ಲಿಂದ ಶಿವದಯಾಳನಿಗೆ ಒಂದು ಪೊಟ್ಟಣ ಉಪ್ಪು ತಂದಳು.

ಇಸಿಕೇಲಿ ಕರಾರಿಗೆ ಸಹಿ ಹಾಕಿ ಎದ್ದ. ಬಾಗಿಲ ಹತ್ತಿರ ಹೋದಾಗ ಕುಲಪತಿ, "ಎಲ್ಲರೂ ನಿಮಗೆ ಹೇಳಿದಾರೆ. ನಾನೊಬ್ಬಳು ಹೇಳಿಲ್ಲ," ಎಂದರು.

ಅವನು ವಾಪಸ್ ಬಂದು ಕೂತ. "ಹೇಳಿ ಮೇಡಂ."

"ಬ್ರಿಸ್ಬೇನಿನಲ್ಲಿ ನಾನು ಓದಿದ್ದು ದೊಡ್ಡ ಬಾವಲಿಗಳ ಬಗ್ಗೆ. ಹನ್ನೊಂದು ವರ್ಷ. ಪರೀಕ್ಷಕರು ಮೂವರು ಓದಿದ್ರು, ಆಮೇಲೆ ಯಾರೂ ಓದಿಲ್ಲ." ಅವರ ದನಿ ಸಣ್ಣದಾಯಿತು, ಈ ಕಡೆಯ ಹೆಣ್ಣುಮಗಳ ದನಿಯಾಯಿತು. "ಒಂದು ಬಾವಲಿ ಗುಡ್ಡದಾಚೆ ಹಣ್ಣು ತುಂಬಿದ ಮರ ನೋಡುತ್ತೆ ಅಂತ ಇಟ್ಕೊಳ್ಳಿ. ತಾನೊಂದೇ ತಿನ್ನಬಹುದು. ಅದರ ಬದ್ಲು ವಾಪಸ್ ಬಂದು ಮರದಲ್ಲಿ ಜೋತಾಡ್ತಿರೋ ಮಿಕ್ಕವಕ್ಕೆಲ್ಲ ಸುದ್ದಿ ತಿಳಿಸುತ್ತೆ. ಹೇಗೆ ತಿಳಿಸುತ್ತೆ ಅನ್ನೋದು ನನ್ನ ಪ್ರಬಂಧ."

ಹೊರಗೆ ಹಬೆ ಗುಡ್ಡ ಹತ್ತುತ್ತಿತ್ತು. ನಿದ್ದೆ ಬರುವ ಹೊತ್ತೇ ಅದು, ಆದರೆ ಬರಲಿಲ್ಲ. ಇಸಿಕೇಲಿ ಮೊಣಕೈಗಳನ್ನು ಮೇಜಿನ ಮೇಲೆ ಊರಿ ಮುಂದೆ ಬಗ್ಗಿದ.

"ಹೇಗೆ ಅನ್ನೋದು ಆಮೇಲೆ ಹೇಳಿ ಮೇಡಂ. ಯಾಕೆ ತಿಳಿಸುತ್ತೆ?"

ಮೂವರು ಪರೀಕ್ಷಕರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಮೆರೆವಲೆಸಿ ಕಾಲಿನ ಬೂಟು ಕಳಚಿ ಮೇಜಿನ ಕೆಳಗೆ ತಳ್ಳಿದರು, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.

"ಗೊತ್ತಿಲ್ಲ," ಎಂದರು. "ನಿಮಗೇನನ್ಸುತ್ತೆ?"